ಹೋಮ್ಸ್ ಮಂಗಳೂರಿಗೂ ಬಂದಿದ್ದನಂತೆ

ಜನವರಿ 6 ಷರ್ಲಾಕ್ ಹೋಮ್ಸ್ ಹುಟ್ಟಿದ ದಿನ. ಹಾಗಂತ ಆ ಪತ್ತೇದಾರನ ಕತೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಎಲ್ಲೂ ಹೇಳಿಲ್ಲ. ನಾಲ್ಕು ಕಾದಂಬರಿ, 56 ಸಣ್ಣಕತೆ ಜಾಲಾಡಿದರೂ ಆ ತಾರೀಕು ಸಿಗುವುದಿಲ್ಲ. ಇದು ಅಭಿಮಾನಿಗಳೇ ಪತ್ತೆ ಮಾಡಿದ್ದು. ‘ದಿ ವ್ಯಾಲಿ ಆಫ್ ಫಿಯರ್’ ಶುರುವಾಗುವುದು ಒಂದು ಜನವರಿ 7ರ ಬೆಳಗ್ಗೆ. ಹೋಮ್ಸ್ ಮುಂದೆ ತಿಂಡಿ ಇದೆ, ಮುಟ್ಟಿಲ್ಲ. ಯಾಕೆ? ಹಿಂದಿನ ರಾತ್ರಿ ಪಾರ್ಟಿ ಜೋರಾಗಿತ್ತು. ಯಾವ ಪಾರ್ಟಿ? ಹುಟ್ಟುಹಬ್ಬದ್ದೇ ಇರಬೇಕು! ಇನ್ನು ವರ್ಷ. 1914ರ ಆಗಸ್ಟಿನಲ್ಲಿ ನಡೆಯುವ ಕತೆಯಲ್ಲಿ ಅವನು ಅರವತ್ತರ ಮನುಷ್ಯ. ಹಾಗಾದರೆ 1854. ಲೆಕ್ಕ ಚುಕ್ತಾ.

ಇದನ್ನು ಕೇಳಿ ನಕ್ಕು ಸುಮ್ಮನಾದರೆ ನೀವು ಮಾಮೂಲಿ ಓದುಗರು. ‘ಅಲ್ಲ, ಅವತ್ತು ಅವನ ಕೈಯಲ್ಲಿ ಗುಪ್ತಲಿಪಿಯ ಚೀಟಿ ಇತ್ತು, ಅದರ ಯೋಚನೆಯಲ್ಲಿ ತಿಂಡಿ ಮರೆತ’ ಅಂತ ವಾದಕ್ಕೆ ನಿಂತರೆ ನೀವೂ ಆ ಗುಂಪಿನವರೇ. ಮಂಗಳೂರು, ಉಡುಪಿ ಕಡೆ ಅಂಥವರು ಕೆಲವರಿದ್ದಾರೆ. ಸಂಘ ಅಂತ ಇಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಕಪಾಟುಗಳು ಮಾತ್ರ ಇವೆ. ಈ ಸಲ ಹುಟ್ಟುಹಬ್ಬ ಶನಿವಾರ ಬಿತ್ತು. ‘ರಜೆ ಉಂಟಲ್ಲ, ಬನ್ನಿ’ ಅಂದರು. ಹೊರಟೆ.

ಶುಕ್ರವಾರ, ಮಂಗಳೂರು

ಬೆಂಗಳೂರಿನ ರಾತ್ರಿ ಬಸ್ಸು ಶಿರಾಡಿ ಇಳಿದು ಬೆಳಗ್ಗೆ ಪಂಪ್‌ವೆಲ್‌ನಲ್ಲಿ ಬಿಟ್ಟಿತು. ಅಲ್ಲಿಂದ ರಿಕ್ಷಾದಲ್ಲಿ ಕದ್ರಿ ಕಡೆಗೆ. ಮೇಷ್ಟ್ರ ಮನೆ ಹಂಚಿನದ್ದು, ಅಂಗಳದಲ್ಲಿ ಎರಡು ತೆಂಗು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಅವರ ಹೆಂಡತಿ ಬಾಗಿಲಲ್ಲೇ ಎಚ್ಚರಿಸಿದರು: “ಮೊದಲು ಬನ್ಸ್ ತಿನ್ನಿ. ಇವರ ಕಪಾಟು ತೆರೆದ್ರೆ ಮತ್ತೆ ಮಧ್ಯಾಹ್ನ ಆಗ್ತದೆ.”

ಅವರು ಹೇಳಿದ್ದು ನಿಜ. ಕಪಾಟು ತೆರೆದಾಗ ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ಕರಾವಳಿಯಲ್ಲಿ ಪುಸ್ತಕ ಸಂಗ್ರಹ ಅಂದರೆ ಅರ್ಧ ಓದು, ಅರ್ಧ ಯುದ್ಧ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಬಟ್ಟೆಯ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಒರಲೆ ಯಾವ ದಾರಿಯಿಂದ ಬರುತ್ತದೆ ಅಂತ ಹೋಮ್ಸ್‌ನಿಗೂ ಪತ್ತೆ ಮಾಡಲು ಆಗದು. ಮಳೆ ಮುಗಿದ ಮೇಲೆ ಮೇಷ್ಟ್ರು ಪ್ರತಿ ಪುಸ್ತಕವನ್ನೂ ಹೊರಗೆ ತೆಗೆದು ಗಾಳಿಗೆ ಇಡುತ್ತಾರೆ. ಬಿಸಿಲಿಗಲ್ಲ, ಜಗಲಿಯ ನೆರಳಿಗೆ. ಬಿಸಿಲಿಗಿಟ್ಟರೆ ರಟ್ಟು ಡೊಂಕಾಗುತ್ತದಂತೆ.

ಅವರ ಸಂಗ್ರಹದ ರಾಜ ಒಂದು ದಪ್ಪ ಸಂಪುಟ. ‘ಸ್ಟ್ರ್ಯಾಂಡ್’ ಪತ್ರಿಕೆಯ 1893ರ ಜುಲೈಯಿಂದ ಡಿಸೆಂಬರ್‌ವರೆಗಿನ ಸಂಚಿಕೆಗಳ ಕಟ್ಟು. ಯಾವುದೋ ಹಳೆಯ ವಾಚನಾಲಯ ಮುಚ್ಚಿದಾಗ ರದ್ದಿಗೆ ಹೋಗುತ್ತಿದ್ದದ್ದನ್ನು ತೂಕಕ್ಕೆ ಕೊಂಡು ತಂದಿದ್ದರಂತೆ. ಡಿಸೆಂಬರ್ ಸಂಚಿಕೆಯಲ್ಲೇ ಹೋಮ್ಸ್ ಸಾಯುವ ಕತೆ ‘ದಿ ಫೈನಲ್ ಪ್ರಾಬ್ಲಮ್’ ಇರುವುದು. ಹೋಮ್ಸ್, ಅವನ ಪರಮಶತ್ರು ಮೊರಿಯಾರ್ಟಿ ಇಬ್ಬರೂ ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತದ ಅಂಚಿನಲ್ಲಿ ಕಾದಾಡುವುದನ್ನು ಚಿತ್ರಕಾರ ಸಿಡ್ನಿ ಪ್ಯಾಜೆಟ್ ಬರೆದ ಚಿತ್ರ ನೋಡಲು ನಾನು ಬಗ್ಗಿದೆ. ಒರಲೆ ಜಲಪಾತದ ಒಂದು ಮೂಲೆಯನ್ನು ತಿಂದಿತ್ತು. ಇಬ್ಬರು ಮನುಷ್ಯರನ್ನೂ ಬಿಟ್ಟಿತ್ತು.

“ಅದಕ್ಕೂ ಮುಂದಿನ ಕತೆ ಬೇಕಿತ್ತು ಅಂತ ಕಾಣ್ತದೆ” ಅಂದರು ಮೇಷ್ಟ್ರು.

ಇನ್ನೊಂದು ತೆಳ್ಳನೆಯ ಪುಸ್ತಕ, ‘ಬೀಟನ್ಸ್ ಕ್ರಿಸ್‌ಮಸ್ ಆನ್ಯುಯಲ್’, 1887. ಹೋಮ್ಸ್ ಮೊದಲು ಕಾಣಿಸಿಕೊಂಡದ್ದು ಇದರಲ್ಲಿ, ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಕತೆಯಲ್ಲಿ. ಆ ಕತೆಯ ಪೂರ್ತಿ ಹಕ್ಕಿಗೆ ಡಾಯ್ಲ್‌ಗೆ ಸಿಕ್ಕಿದ್ದು 25 ಪೌಂಡ್. ಮೇಷ್ಟ್ರ ಹತ್ತಿರ ಇರುವುದು ಮೂಲವಲ್ಲ, ಅದನ್ನೇ ಹೋಲುವ ಮರುಮುದ್ರಣ. ಮೂಲ ಪ್ರತಿಗಳು ಲೋಕದಲ್ಲೇ ಕೆಲವೇ ಉಳಿದಿವೆ. ಹರಾಜಿಗೆ ಬಂದರೆ ಮನೆ ಮಾರಬೇಕಾದ ಬೆಲೆ. “ಮನೆ ಮಾರಿದ್ರೆ ಪುಸ್ತಕ ಎಲ್ಲಿ ಇಡುವುದು?” ಅಂತ ಒಳಗಿನಿಂದ ಪ್ರಶ್ನೆ ಬಂತು. ಈ ಚರ್ಚೆ ಆ ಮನೆಯಲ್ಲಿ ಹಳೆಯದು ಅನ್ನಿಸಿತು.

ಕೆಳಗಿನ ಅಟ್ಟದಲ್ಲಿ ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಇದ್ದಾನೆ. ಒಂದು ಕಾಲದಲ್ಲಿ ಬಾಡಿಗೆ ಲೈಬ್ರರಿಗಳನ್ನು ನಡೆಸಿದ್ದೇ ಇಂಥ ಪುಸ್ತಕಗಳು. ಅಗ್ಗದ ಕಾಗದ, ಕೈಯಿಂದ ಕೈಗೆ ಹೋಗಿ ಹರಿದದ್ದು. ನನಗನ್ನಿಸುವುದು, ನಮ್ಮ ಕನ್ನಡದ ಸಂಗ್ರಹಕಾರರು ಓಡಬೇಕಾದದ್ದು ಈ ಅಟ್ಟಕ್ಕೆ. ಹೋಮ್ಸ್‌ನನ್ನು ಕಾಪಾಡಲು ಲೋಕದ ತುಂಬ ಜನ ಇದ್ದಾರೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಅವನಿಗಾಗಿಯೇ ದೊಡ್ಡ ಸಂಗ್ರಹ ಇದೆ. ಪುರುಷೋತ್ತಮನಿಗೆ ಯಾರಿದ್ದಾರೆ?

ಊಟ ಆದ ಮೇಲೆ ಅಸಲು ವಿಷಯ ಬಂತು. ದಾರ ಕಟ್ಟಿದ ಒಂದು ರಟ್ಟಿನ ಫೈಲು. ಮೇಲೆ ಒಂದೇ ಪದ: ‘ಸಿಗರ್ಸನ್’.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡಾಯ್ಲ್‌ಗೆ ಹೋಮ್ಸ್ ಬೇಸರ ಬಂದಿದ್ದ. ಜಲಪಾತಕ್ಕೆ ತಳ್ಳಿ ಕೈ ತೊಳೆದುಕೊಂಡ. ಓದುಗರು ಬಿಡಲಿಲ್ಲ. 1903ರಲ್ಲಿ ‘ದಿ ಎಂಪ್ಟಿ ಹೌಸ್’ ಬರೆದು ವಾಪಸ್ ಕರೆತರಬೇಕಾಯಿತು. ಕತೆಯೊಳಗಿನ ಕಾಲದ ಪ್ರಕಾರ ಬಿದ್ದದ್ದು 1891ರ ಮೇ, ಮರಳಿದ್ದು 1894. ನಡುವಿನ ಮೂರು ವರ್ಷ ಎಲ್ಲಿದ್ದೆ ಅಂದರೆ ಹೋಮ್ಸ್ ಗಡಿಬಿಡಿಯಲ್ಲಿ ನಾಲ್ಕು ಮಾತು ಹೇಳುತ್ತಾನೆ. ಸಿಗರ್ಸನ್ ಎಂಬ ನಾರ್ವೆಯವನ ಹೆಸರಲ್ಲಿ ಎರಡು ವರ್ಷ ಟಿಬೆಟ್. ಆಮೇಲೆ ಪರ್ಷಿಯಾ, ಮೆಕ್ಕಾ, ಖಾರ್ಟೂಮ್. ಕೊನೆಗೆ ಫ್ರಾನ್ಸಿನ ಮೋಂಪೆಲಿಯೆಯಲ್ಲಿ ಕೆಲವು ತಿಂಗಳು ಕಲ್ಲಿದ್ದಲ ಟಾರಿನಿಂದ ಬರುವ ರಾಸಾಯನಿಕಗಳ ಸಂಶೋಧನೆ. ಅಷ್ಟೇ. ಲೋಕದ ಅಭಿಮಾನಿಗಳೆಲ್ಲ ನೂರು ವರ್ಷದಿಂದ ಈ ಖಾಲಿ ಜಾಗವನ್ನು ತುಂಬುತ್ತಿದ್ದಾರೆ.

ಮೇಷ್ಟ್ರ ವಾದ ಇದು: ಟಿಬೆಟ್‌ನಿಂದ ಪರ್ಷಿಯಾಕ್ಕೆ ಹೋಗುವವನು ಇಂಡಿಯಾ ದಾಟಲೇಬೇಕು. ದಾಟುವಾಗ ಮಂಗಳೂರಿಗೆ ಬಂದಿದ್ದ.

“ಯಾಕೆ ಸರ್ ಮಂಗಳೂರೇ?”

“ನೀವೇ ಹೇಳಿ. ನಾರ್ವೆಯವನು ಅಂತ ವೇಷ ಹಾಕಿದ ಬಿಳಿ ಮನುಷ್ಯ. ಬ್ರಿಟಿಷರ ನಡುವೆ ಹೋದ್ರೆ ಯಾರಾದ್ರೂ ಗುರುತು ಹಿಡಿತಾರೆ. ಇಲ್ಲಿ ಯಾರಿದ್ರು? 1834ರಿಂದ ಬಾಸೆಲ್ ಮಿಷನ್‌ನವರು. ಸ್ವಿಸ್, ಜರ್ಮನ್ ಪಾದ್ರಿಗಳು. ಅವರ ಮಧ್ಯೆ ಇನ್ನೊಬ್ಬ ಯುರೋಪಿನವನು ಬಂದ್ರೆ ಕೇಳುವವರು ಯಾರು?”

ಮಾತು ಆಟದ್ದು, ಮುಖ ಮಾತ್ರ ಕೋರ್ಟಿನದ್ದು. ಅಭಿಮಾನಿಗಳು ಇದಕ್ಕೆ ಹಾಗೇ ‘ದಿ ಗೇಮ್’ ಅನ್ನುತ್ತಾರೆ. ಹೋಮ್ಸ್, ಅವನ ಕತೆ ಹೇಳುವ ಗೆಳೆಯ ವಾಟ್ಸನ್ ಇಬ್ಬರೂ ನಿಜವಾಗಿ ಇದ್ದವರು, ಡಾಯ್ಲ್ ಬರೀ ವಾಟ್ಸನ್‌ನ ಏಜೆಂಟ್ ಅಂತ ಇಟ್ಟುಕೊಂಡು ಸಾಕ್ಷಿ ಹುಡುಕುವುದು. 1911ರಲ್ಲಿ ಆಕ್ಸ್‌ಫರ್ಡಿನಲ್ಲಿ ರೊನಾಲ್ಡ್ ನಾಕ್ಸ್ ಎಂಬವನು ಬೈಬಲ್ ಪಂಡಿತರ ಶೈಲಿಯನ್ನು ಗೇಲಿ ಮಾಡಲು ಹೋಮ್ಸ್ ಕತೆಗಳ ಮೇಲೆ ಗಂಭೀರ ಪ್ರಬಂಧ ಓದಿದ. ಡಾಯ್ಲ್‌ಗೇ ಆಶ್ಚರ್ಯವಾಗಿ ಅವನಿಗೆ ಪತ್ರ ಬರೆದ. ಅಲ್ಲಿಂದ ಆಟ ನಿಂತಿಲ್ಲ.

ಮೇಷ್ಟ್ರ ನಿಯಮ ಕಟ್ಟುನಿಟ್ಟು. ಕತೆಯಲ್ಲಿ ಬರೆದದ್ದನ್ನು ತಿದ್ದುವ ಹಾಗಿಲ್ಲ. ಚರಿತ್ರೆಯಲ್ಲಿ ನಡೆದದ್ದನ್ನೂ ತಿದ್ದುವ ಹಾಗಿಲ್ಲ. ಎರಡರ ನಡುವೆ ಸಂದು ಸಿಕ್ಕರೆ ಮಾತ್ರ ಅಲ್ಲಿ ನುಗ್ಗಬಹುದು. ಸುಳ್ಳು ಸಾಕ್ಷಿ ಹುಟ್ಟಿಸಿದವನು ಆಟದಿಂದ ಹೊರಗೆ.

ಶನಿವಾರ, ಬಲ್ಮಠದಿಂದ ಉಡುಪಿಗೆ

ಬೆಳಗ್ಗೆ ಬಲ್ಮಠದ ಗುಡ್ಡ ಹತ್ತಿದೆವು. ಜೊತೆಗೆ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಬಂದರು. ಇವರು ಸ್ಟಾಂಪು ಸಂಗ್ರಹಿಸುವವರು. ಮೇಷ್ಟ್ರ ಹಳೆಯ ಗೆಳೆಯ, ಮೇಷ್ಟ್ರ ವಾದದ ಹಳೆಯ ಶತ್ರು.

ಜನವರಿಯಲ್ಲೂ ಒಂಬತ್ತು ಗಂಟೆಗೆ ಸೆಖೆ. ಮೇಷ್ಟ್ರು ಮರದ ನೆರಳಲ್ಲಿ ನಿಂತು ತೋರಿಸುತ್ತ ಹೋದರು. 1841ರಲ್ಲಿ ಶುರುವಾದ ಮಿಷನ್ ಪ್ರೆಸ್ಸು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಟದ್ದು ಈ ಊರಿನಿಂದ. ಕಿಟೆಲ್ ನಿಘಂಟು ಅಚ್ಚಾಗಿ ಬಂದದ್ದೂ ಇಲ್ಲೇ, 1894ರಲ್ಲಿ.

“1894!” ಅಂದರು ಮೇಷ್ಟ್ರು, ಬೆರಳೆತ್ತಿ. “ಹೋಮ್ಸ್ ಲಂಡನ್ನಿಗೆ ವಾಪಸ್ ಬಂದು ವಾಟ್ಸನ್ ಮೂರ್ಛೆ ಬಿದ್ದ ವರ್ಷ. ಅಂದ್ರೆ ಅವನು ಇಲ್ಲಿದ್ದಾಗ ಕಿಟೆಲ್‌ನ ಅಚ್ಚಿನ ಮೊಳೆ ಜೋಡಿಸ್ತಾ ಇದ್ರು.”

“ಅದರಿಂದ ಎಂತ ಸಾಬೀತಾಯ್ತು?” ಅಂದರು ಮ್ಯಾನೇಜರ್.

“ಇನ್ನೂ ಏನೂ ಇಲ್ಲ. ಮುಂದೆ ಬನ್ನಿ.”

ಮುಂದೆ ಇದ್ದದ್ದು ನೇಯ್ಗೆ ಕಾರ್ಖಾನೆಯ ಕತೆ. 1850ರ ದಶಕದಲ್ಲಿ ಜಾನ್ ಹಾಲರ್ ಎಂಬ ಮಿಷನರಿ ಇಲ್ಲಿಯ ಮಗ್ಗದ ಬಟ್ಟೆಗೆ ಖಾಕಿ ಬಣ್ಣ ಕೊಟ್ಟ ಅನ್ನುವುದು ಮಂಗಳೂರಿನವರ ಹೆಮ್ಮೆ. ಇಲ್ಲಿಗೆ ಬಂದಾಗ ಮೇಷ್ಟ್ರ ದನಿ ಇಳಿಯಿತು. ಇದೇ ಅವರ ತುರುಪು. ಪತ್ತೇದಾರನಿಗೆ ಇದ್ದಕ್ಕಿದ್ದಂತೆ ಕಲ್ಲಿದ್ದಲ ಟಾರಿನ ಮೇಲೆ ಆಸಕ್ತಿ ಯಾಕೆ ಬಂತು? ಆ ಕಾಲಕ್ಕೆ ಟಾರಿನಿಂದ ಮಾಡುತ್ತಿದ್ದ ಮುಖ್ಯ ವಸ್ತು ಬಣ್ಣ. ಬಟ್ಟೆಯ ಬಣ್ಣ. ಬಲ್ಮಠದಲ್ಲಿ ಬಣ್ಣದ ತೊಟ್ಟಿ ನೋಡಿದವನು ಮೋಂಪೆಲಿಯೆಗೆ ಹೋಗಿ ಪ್ರಯೋಗಾಲಯ ಹೊಕ್ಕ. ಇನ್ನೇನು ಬೇಕು?

ನನಗಂತೂ ಮೈ ಜುಂ ಅಂದಿತು. ಸುಳ್ಳು ಅಂತ ಗೊತ್ತಿದ್ದೂ ಹೀಗೆ ಆಗುತ್ತದಲ್ಲ, ಈ ಹುಚ್ಚಿನ ಬಂಡವಾಳವೇ ಅದು.

ಮ್ಯಾನೇಜರ್ ಮಾತ್ರ ಲೋನ್ ಅರ್ಜಿ ನೋಡುವವರಂತೆ ನಿಂತಿದ್ದರು. “ಟಿಬೆಟ್‌ನಿಂದ ಪರ್ಷಿಯಾಕ್ಕೆ ಹೋಗುವವನು ಕರಾಚಿಗೆ ಹೋಗ್ತಾನೆ, ಇಲ್ಲ ಬೊಂಬಾಯಿಗೆ. ಮಂಗಳೂರಿಗೆ ಯಾಕೆ ಬರ್ತಾನೆ? ಉಡುಪಿಗೆ ಹೋಗ್ಲಿಕ್ಕೆ ಕಾಸರಗೋಡು ಬಸ್ಸು ಹತ್ತಿದ ಹಾಗಾಯ್ತು. ಮತ್ತೆ ರೈಲು? ಈ ಊರಿಗೆ ರೈಲು ಬಂದದ್ದೇ 1907ರಲ್ಲಿ.”

“ಹಡಗಿನಲ್ಲಿ ಬಂದ.”

“ಹಡಗಿನ ಪಟ್ಟಿ ತೋರಿಸಿ. ಹೆಸರು ಇದ್ರೆ ಒಪ್ಪುವ.”

ಪಟ್ಟಿ ಇಲ್ಲ. ಫೈಲಿನ ದೊಡ್ಡ ಕೊರತೆ ಅದೇ. ಮೇಷ್ಟ್ರು ಉತ್ತರ ಕೊಡದೆ ಕಬ್ಬಿನ ಹಾಲಿನ ಗಾಡಿ ಕಡೆ ನಡೆದರು.

ಮಧ್ಯಾಹ್ನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿಗೆ. ಮ್ಯಾನೇಜರ್ ಸ್ಟಾಂಪಿನ ಆಲ್ಬಮ್ಮನ್ನು ತೊಡೆಯ ಮೇಲಿಟ್ಟು, ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತಿದ್ದರು. ಕಾಪು ಬಂದಾಗ ಮೇಷ್ಟ್ರು ಕಿಟಕಿಯಾಚೆ ಸಮುದ್ರದ ಕಡೆ ಕೈ ತೋರಿಸಿ “ದೀಪಸ್ತಂಭ ಕಟ್ಟಿದ್ದು 1901. ‘ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಸ್ಟ್ರ್ಯಾಂಡಿನಲ್ಲಿ ಶುರುವಾದ ವರ್ಷ” ಅಂದರು. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು.

ಉಡುಪಿಯಲ್ಲಿ ಪರ್ಯಾಯದ ತಯಾರಿ. ರಥಬೀದಿಯಲ್ಲಿ ಕಾಲಿಡಲು ಜಾಗ ಇಲ್ಲ. ಗೋಳಿಬಜೆ ತಿಂದು, ಚಾ ಕುಡಿದು, ಕುಂಜಿಬೆಟ್ಟಿನ ಒಂದು ಮನೆಗೆ ಹೋದೆವು. ಜೀವಶಾಸ್ತ್ರದ ಟೀಚರ್ ಒಬ್ಬರ ಮನೆ. ಚಾವಡಿಯಲ್ಲಿ ಚಾಪೆ ಹಾಸಿದ್ದರು. ಒಂದು ಕಡೆ ಮದ್ದಳೆ, ಚೆಂಡೆ. ನಾನು ಕೇಕು ಕತ್ತರಿಸುವ ಕಾರ್ಯಕ್ರಮ ಇರಬಹುದು ಅಂತ ಹೋಗಿದ್ದೆ. ಇಲ್ಲಿ ಹೋಮ್ಸ್ ಹುಟ್ಟುಹಬ್ಬಕ್ಕೆ ತಾಳಮದ್ದಳೆ!

ಯೋಚಿಸಿದರೆ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿ ಕುಳಿತಲ್ಲೇ ಕರ್ಣನಾಗಿ, ಕೃಷ್ಣನಾಗಿ ವಾದ ಮಾಡುತ್ತಾನೆ. ಕತೆಯ ಕೊನೆ ಎಲ್ಲರಿಗೂ ಗೊತ್ತು. ಜನ ಬರುವುದು ಮಾತಿನ ವರಸೆಗೆ. ವಾಲಿಯ ಪಕ್ಷ ಹಿಡಿದವನು ಆ ರಾತ್ರಿ ವಾಲಿಯೇ. ಆಕ್ಸ್‌ಫರ್ಡಿನ ನಾಕ್ಸ್ ಮಾಡಿದ್ದೂ ಅರ್ಥಗಾರಿಕೆಯೇ ಅಲ್ವಾ? ಈ ಕಡೆಯವರಿಗೆ ‘ಗೇಮ್’ ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ರಸಂಗ ‘ದಿ ಸ್ಪೆಕಲ್ಡ್ ಬ್ಯಾಂಡ್’. 1892ರ ಕತೆ. ಕಲ್ಕತ್ತೆಯಲ್ಲಿ ಡಾಕ್ಟರ್ ಆಗಿದ್ದ ರಾಯ್ಲಟ್, ಇಂಡಿಯಾದಿಂದ ಚೀತಾ, ಬಬೂನ್ ತರಿಸಿ ಸಾಕುವವನು, ಮಲಮಗಳನ್ನು ಕೊಲ್ಲಲು ಹಾವು ಬಿಡುತ್ತಾನೆ. ಗೋಡೆಯ ಕಿಂಡಿಯಿಂದ ಹಾವು ಹೊರಟು, ಗಂಟೆಯ ಹಗ್ಗದ ಮೇಲೆ ಇಳಿದು, ಹಾಸಿಗೆಗೆ ಬರಬೇಕು. ಸಿಳ್ಳೆ ಹಾಕಿದರೆ ವಾಪಸ್ ಹತ್ತಬೇಕು. ಬಂದರೆ ಬಹುಮಾನ ಒಂದು ಬಟ್ಟಲು ಹಾಲು. 1927ರಲ್ಲಿ ಡಾಯ್ಲ್ ತನ್ನ ಮೆಚ್ಚಿನ ಕತೆಗಳ ಪಟ್ಟಿ ಕೊಟ್ಟಾಗ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ.

ಮ್ಯಾನೇಜರ್ ರಾಯ್ಲಟ್. ಟೀಚರ್ ಯಾರು ಅಂತೀರಿ? ಹಾವು.

ಭಾಗವತರು ಭಾಮಿನಿಯಲ್ಲಿ ಕಟ್ಟಿದ್ದ ಪದ ಮುಗಿಸಿದರು. ಟೀಚರ್ ಶುರು ಮಾಡಿದರು: “ಎಲೈ ವೈದ್ಯನೇ, ನನ್ನನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟೆ. ಉಸಿರಾಡಲು ಗಾಳಿ ಎಲ್ಲಿಂದ? ಸಿಳ್ಳೆ ಹಾಕಿ ಕರೆದೆ. ನಿನ್ನ ಸಿಳ್ಳೆ ಕೇಳಲು ನನಗೆ ಹೊರಗಿವಿ ಎಲ್ಲಿದೆ, ತೋರಿಸು! ಇಲಿ ಕಪ್ಪೆ ತಿನ್ನುವ ನನ್ನ ಮುಂದೆ ಹಾಲಿಟ್ಟೆ. ನಾನೇನು ನಿನ್ನ ಬೆಕ್ಕೇ?”

ರಾಯ್ಲಟ್ ಬಿಡಲಿಲ್ಲ: “ಹಾಲು ಬೇಡವೇ? ಹಾಗಾದರೆ ನಿನ್ನ ನಾಡಿನಲ್ಲಿ ನಾಗರಪಂಚಮಿಗೆ ಬನಬನದಲ್ಲೂ ಹಾಲಿನ ತನು ಎರೆಯುತ್ತಾರಲ್ಲ, ಅದು ಯಾರಿಗೆ?”

“ಅದು ಕಲ್ಲಿಗೆ, ಎರೆಯುವವರ ಭಕ್ತಿಗೆ. ನನ್ನ ಹೊಟ್ಟೆಗಲ್ಲ! ಭಕ್ತಿಯಿಂದ ಕೊಟ್ಟದ್ದನ್ನು ನೀನು ಕೊಲೆಗೆ ಬಳಸಿದೆ!”

ಚಾವಡಿ ಕುಲುಕಿತು. ಚೆಂಡೆಯವರಂತೂ ಪೆಟ್ಟು ಹಾಕುವುದನ್ನೇ ಮರೆತು ಚಪ್ಪಾಳೆ ತಟ್ಟಿದರು.

ಆಮೇಲೆ ಜಾತಿ ನಿರ್ಣಯ. ಡಾಯ್ಲ್ ಇದನ್ನು ಜವುಗು ನೆಲದ ಹಾವು, ಇಂಡಿಯಾದಲ್ಲೇ ಅತಿ ವಿಷದ್ದು ಅನ್ನುತ್ತಾನೆ. ಅಂಥ ಹೆಸರಿನ ಹಾವು ನಮ್ಮಲ್ಲಿ ಇಲ್ಲ. ವರ್ಣನೆಯಲ್ಲಿ ತಲೆ ವಜ್ರದ ಆಕಾರ, ಕುತ್ತಿಗೆ ಉಬ್ಬಿದ್ದು. ತಲೆ ನೋಡಿದರೆ ಕೊಳಕುಮಂಡಲ. ಕುತ್ತಿಗೆ ನೋಡಿದರೆ ನಾಗರ. ಕಚ್ಚಿದ ಹತ್ತೇ ಸೆಕೆಂಡಿಗೆ ಸಾವು ಅನ್ನುವುದು ಎರಡಕ್ಕೂ ಹೊಂದದು. ಮೈಮೇಲೆ ಹಳದಿ, ಕಂದು ಚುಕ್ಕೆ. ಮೂಲೆಯಲ್ಲಿ ಕುಳಿತಿದ್ದ ಅಡಿಕೆ ತೋಟದ ಒಬ್ಬರು, ಈ ಗುಂಪಿಗೆ ಹೊಸಬರು, “ಹಗ್ಗ ಹತ್ತುವ ಮಂಡಲ ನಾನು ನೋಡಿಲ್ಲ ಮಾರಾಯ್ರೆ, ಅದಕ್ಕೆ ನೆಲವೇ ಭಾರ” ಅಂದರು. ಲಂಡನ್, ನ್ಯೂಯಾರ್ಕಿನ ಎಷ್ಟೋ ಪ್ರಬಂಧಕ್ಕಿಂತ ಈ ಒಂದು ಮಾತು ನನಗೆ ಹಿಡಿಸಿತು.

ಗುಂಪಿನಲ್ಲಿ ಮಣಿಪಾಲದ ಮೆಡಿಕಲ್ ವಿದ್ಯಾರ್ಥಿಗಳೂ ಇದ್ದರು. ಒಬ್ಬ ಹುಡುಗ ಹಿಂದೆ ಮುಂದೆ ಅಂಚಿರುವ ಉಣ್ಣೆಯ ಹೋಮ್ಸ್ ಟೋಪಿ ಹಾಕಿಕೊಂಡು ಬಂದಿದ್ದ. ಬೆವರು ಕೆನ್ನೆಗೆ ಇಳಿಯುತ್ತಿತ್ತು, ತೆಗೆಯಲಿಲ್ಲ. ಅಸಲಿಗೆ ಆ ಟೋಪಿಯನ್ನು ಅಂಟಿಸಿದವನು ಡಾಯ್ಲ್ ಅಲ್ಲ, ಚಿತ್ರಕಾರ ಪ್ಯಾಜೆಟ್, 1891ರಲ್ಲಿ. ಬಾಗಿದ ಪೈಪು ನಾಟಕದ ನಟ ವಿಲಿಯಂ ಜಿಲೆಟ್‌ನಿಂದ ಬಂತು. ‘ಎಲಿಮೆಂಟರಿ, ಮೈ ಡಿಯರ್ ವಾಟ್ಸನ್’ ಎಂಬ ಮಾತಂತೂ 60 ಕತೆಗಳಲ್ಲಿ ಎಲ್ಲೂ ಆ ರೂಪದಲ್ಲಿ ಇಲ್ಲ. “ಪ್ಯಾಜೆಟ್ ಪುತ್ತೂರಿನಲ್ಲಿ ಹುಟ್ಟಿದ್ರೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕ್ತಿದ್ದ” ಅಂದರು ತೋಟದವರು. ಹುಡುಗನಿಗೆ ಅದು ಎಷ್ಟು ಹಿಡಿಸಿತೆಂದರೆ, ಮುಂದಿನ ವರ್ಷಕ್ಕೆ ಒಂದು ತಂದುಕೊಡಿ ಅಂತ ಅಲ್ಲೇ ಆರ್ಡರ್ ಕೊಟ್ಟ.

ಊಟದ ನಂತರ ಕೈ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು, ಮ್ಯಾನೇಜರ್ ಆಲ್ಬಮ್ ತೆರೆದರು. 1972ರ ನಿಕರಾಗುವ ದೇಶದ ಸ್ಟಾಂಪುಗಳು. ಇಂಟರ್‌ಪೋಲ್‌ನ 50ನೇ ವರ್ಷದ ನೆನಪಿಗೆ ಕತೆಗಳ 12 ಪತ್ತೇದಾರರ ಮೇಲೆ ಬಂದದ್ದು. ಇವುಗಳ ಹಿಂಬದಿಯಲ್ಲಿ ಆ ಪತ್ತೇದಾರನ ಬಗ್ಗೆ ಸ್ಪ್ಯಾನಿಷ್ ಬರಹ ಇದೆ. ಹಾಗಾಗಿ ಆಲ್ಬಮ್ಮಿಗೆ ಅಂಟಿಸಿದರೆ ಕೆಟ್ಟಿತು. ಮಳೆಗಾಲದಲ್ಲಿ ಹಿಂದಿನ ಗೋಂದು ತಾನಾಗಿ ಹಿಡಿದುಕೊಂಡರೂ ಕೆಟ್ಟಿತು. ಇನ್ನೊಂದು ಸೆಟ್ ಬ್ರಿಟನ್ನಿನದು, 1993ರದ್ದು. ಐದು ಸ್ಟಾಂಪು. ಪ್ರತಿ ಚಿತ್ರದಲ್ಲೂ ಒಂದು ಇಂಗ್ಲಿಷ್ ಅಕ್ಷರ ಅಡಗಿದೆ. ಐದನ್ನೂ ಹುಡುಕಿ ಜೋಡಿಸಿದರೆ ‘ಡಾಯ್ಲ್’. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ನನಗೆ ಮೂರು ಸಿಕ್ಕವು. ಉಳಿದೆರಡನ್ನು ಟೀಚರ್ ಮನೆಯ ಏಳನೇ ಕ್ಲಾಸಿನ ಹುಡುಗಿ ತೋರಿಸಿಕೊಟ್ಟಳು.

ನ್ಯೂಯಾರ್ಕಿನಲ್ಲಿ 1934ರಿಂದ ‘ಬೇಕರ್ ಸ್ಟ್ರೀಟ್ ಇರೆಗ್ಯುಲರ್ಸ್’ ಅಂತ ಸಂಘ ಇದೆ, ಅವರೂ ಜನವರಿಯಲ್ಲೇ ಸೇರುತ್ತಾರೆ ಅಂತ ಮಾತು ಬಂತು. “ಅವರು 1991ರ ತನಕ ಹೆಂಗಸರನ್ನು ಸದಸ್ಯರಾಗಿ ಸೇರಿಸ್ತಿರಲಿಲ್ಲ. ಇಲ್ಲಿ ನಾನಿಲ್ದೆ ಇವರಿಗೆ ಹಾವೂ ಇಲ್ಲ, ಊಟವೂ ಇಲ್ಲ” ಅಂದರು ಟೀಚರ್.

ಭಾನುವಾರ, ಮಣಿಪಾಲ

ಬೆಳಗ್ಗೆ ವಿದ್ಯಾರ್ಥಿಗಳ ಜೊತೆ ಚಾ. ಇವರಲ್ಲಿ ಜಾಸ್ತಿ ಜನ ಬಂದದ್ದು 2010ರ ಬಿಬಿಸಿ ಸೀರಿಯಲ್ಲಿನಿಂದ, ಪುಸ್ತಕ ಆಮೇಲೆ. ಮೇಷ್ಟ್ರಿಗೆ 1984ರಿಂದ ಟಿವಿಯಲ್ಲಿ ಬಂದ ನಟ ಜೆರೆಮಿ ಬ್ರೆಟ್ ಬಿಟ್ಟರೆ ಬೇರೆ ಹೋಮ್ಸ್ ಇಲ್ಲ. ಈ ಜಗಳದಲ್ಲಿ ನಾನೂ ಮೇಷ್ಟ್ರ ಪಕ್ಷವೇ. ಆದರೆ ಒಂದು ವಿಷಯದಲ್ಲಿ ಹುಡುಗರು ಮೇಲು. ಡಾಯ್ಲ್ ಡಾಕ್ಟರ್, ವಾಟ್ಸನ್ ಡಾಕ್ಟರ್, ಹೋಮ್ಸ್‌ಗೆ ಮಾದರಿಯಾದ ಜೋಸೆಫ್ ಬೆಲ್ ಎಡಿನ್‌ಬರೋದಲ್ಲಿ ಡಾಯ್ಲ್‌ನ ಮೇಷ್ಟ್ರು. ರೋಗಿ ಬಾಗಿಲು ದಾಟಿ ಕುರ್ಚಿಗೆ ಬರುವುದರೊಳಗೆ ನಡಿಗೆ, ಕೈ, ಉಗುರು ನೋಡಿ ಏನು ಹೇಳಬಹುದು ಅಂತ ಇವರು ದಿನಾ ಪಂದ್ಯ ಕಟ್ಟುತ್ತಾರಂತೆ.

ಇವರದ್ದೇ ಒಂದು ಪತ್ತೆಯೂ ಇದೆ. ವಾಟ್ಸನ್‌ಗೆ 1880ರ ಅಫ್ಘಾನಿಸ್ತಾನದ ಮೈವಾಂದ್ ಯುದ್ಧದಲ್ಲಿ ಗುಂಡು ತಗುಲಿದ್ದು ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. ಡಾಯ್ಲ್ ಮರೆತ, ಅಷ್ಟೇ. ಆಟದಲ್ಲಿ ಹಾಗೆ ಹೇಳುವಂತಿಲ್ಲವಲ್ಲ. ಒಬ್ಬಳು ಹುಡುಗಿ ಟಿಶ್ಯೂ ಪೇಪರಿನ ಮೇಲೆ ಮನುಷ್ಯನ ಚಿತ್ರ ಬರೆದು, ಬಗ್ಗಿ ಗಾಯಾಳುವನ್ನು ನೋಡುತ್ತಿದ್ದ ಡಾಕ್ಟರಿಗೆ ಒಂದೇ ಗುಂಡು ಭುಜ ಹೊಕ್ಕು ತೊಡೆ ಸೇರುವ ಕೋನ ತೋರಿಸಿದಳು. ನಂಬುವ ಹಾಗಿತ್ತು.

ಮೇಷ್ಟ್ರ ಫೈಲನ್ನು ಇವರೇ ಸ್ಕ್ಯಾನ್ ಮಾಡಿಕೊಡುತ್ತಾರಂತೆ. ಉಳಿದದ್ದು ಹಡಗಿನ ಪಟ್ಟಿ. ಟೋಪಿಯ ಹುಡುಗ ಕೇಳಿದ: “ಬೆಂಗಳೂರಿನ ಪತ್ರಾಗಾರದಲ್ಲಿ ಸಿಗ್ತದಾ ಸರ್?”

“ಬೆಂಗಳೂರಲ್ಲ ಮಾರಾಯ,” ಅಂದರು ಮ್ಯಾನೇಜರ್. “ಆಗ ಈ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಕಾಗದ ಇದ್ರೆ ಚೆನ್ನೈಯ ಎಗ್ಮೋರಿನಲ್ಲಿ.” ಮೇಷ್ಟ್ರು ಅವರನ್ನೇ ನೋಡಿದರು. ಶತ್ರು ದಾರಿ ತೋರಿಸುತ್ತಿದ್ದಾನೆ.

ಟೀಚರ್ ಹೇಳಿದರು: “ಫೆಬ್ರವರಿಯಲ್ಲಿ ತಂಗಿಯ ಮಗಳ ಮದುವೆ ಚೆನ್ನೈಯಲ್ಲೇ. ಬೆಳಗ್ಗೆ ಮುಹೂರ್ತ. ಮಧ್ಯಾಹ್ನ ಹೋಗಿ ನೋಡ್ತೇನೆ.”

“ಭಾನುವಾರ ಅಲ್ಲ ತಾನೆ?”

“ಭಾನುವಾರವೇ.”

“ಆಫೀಸು ಮುಚ್ಚಿರ್ತದೆ. ಸೋಮವಾರ ಉಳೀಬೇಕು.”

“ಲಾಡ್ಜಿನ ಖರ್ಚು ನನ್ನದು,” ಅಂದರು ಮೇಷ್ಟ್ರು ಥಟ್ಟನೆ. ಒಂದು ಕ್ಷಣ ಬಿಟ್ಟು ಸೇರಿಸಿದರು: “ಸಿಗರ್ಸನ್ ಅಂತ ಮಾತ್ರ ನೋಡ್ಬೇಡಿ. ಸಿಗರ್ಡ್‌ಸನ್, ಸಿಗುರ್ಸನ್, ಎಲ್ಲ ನೋಡಿ. ಬಂದರಿನ ಗುಮಾಸ್ತರು ಹೆಸರು ಹೇಗೆ ಬೇಕಾದ್ರೂ ಬರೀತಾರೆ.”